ಜೀವಕೋಶದ ಪೊರೆಯಲ್ಲಿ ತೇಲುವ ತೆಪ್ಪಗಳು

ರಕ್ತಪರೀಕ್ಷೆಯ ವರದಿ ಕೈಗೆ ಬಂದೊಡನೆ ನಮ್ಮ ಕಣ್ಣು ಮೊದಲು ಸಕ್ಕರೆಯ ಅಂಕಿಯನ್ನೂ ಅನಂತರ ಕೊಲೆಸ್ಟರಾಲಿನ ಅಂಕಿಯನ್ನೂ ಅರಸುತ್ತದೆ. ಕೊಲೆಸ್ಟರಾಲನ್ನು ನಾವು ಶತ್ರುವೆಂದೇ ಬಗೆದಿದ್ದೇವೆ. ಆದರೆ ನಮ್ಮ ಜೀವಕೋಶಗಳು ಆ ಶತ್ರುವನ್ನು ತಮ್ಮ ಹೊರಪೊರೆಯಲ್ಲಿಯೇ ಇರಿಸಿಕೊಂಡಿವೆ.

ಈ ಪೊರೆಯ ದಪ್ಪ ಒಂದು ಮಿಲಿಮೀಟರಿನ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 5 ಭಾಗ ಮಾತ್ರ. ಅದು ಮೇದಸ್ಸಿನ ಎರಡು ಪದರಗಳಿಂದಾದುದು. ನಡುನಡುವೆ ಪ್ರೋಟೀನುಗಳು ಹುದುಗಿವೆ. ಇದು ಗಟ್ಟಿ ಗೋಡೆಯಲ್ಲ, ಎಣ್ಣೆಯಂತೆ ಹರಿದಾಡುವಂಥದು ಎಂದು 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಪ್ರತಿಪಾದಿಸಿದರು. ಆದರೆ ಅದು ಎಲ್ಲೆಡೆಯೂ ಒಂದೇ ತೆರನಾಗಿಲ್ಲವೆಂದು 1997ರಲ್ಲಿ ಕೈ ಸೈಮನ್ಸ್ ಮತ್ತು ಎಲಿನಾ ಇಕೊನೆನ್ ವಾದಿಸಿದರು. ಕೊಲೆಸ್ಟರಾಲು ಸ್ಫಿಂಗೋಲಿಪಿಡ್ ಎಂಬ ಮೇದಸ್ಸಿನೊಡನೆ ಒತ್ತಾಗಿ ಕೂಡಿ, ಸಣ್ಣ ಸಣ್ಣ ತೆಪ್ಪಗಳಂತೆ ತೇಲುತ್ತದೆ. ಕೆಲವು ಪ್ರೋಟೀನುಗಳು ಈ ತೆಪ್ಪವನ್ನೇರಿ ಒಂದೆಡೆ ಸೇರುತ್ತವೆ. ಹೊರಗಿನ ಸುದ್ದಿಯನ್ನು ಕೋಶದೊಳಕ್ಕೆ ಮುಟ್ಟಿಸಲು ಇದರಿಂದ ಅನುಕೂಲ. ಸಹಿ ಹಾಕಬೇಕಾದವರೆಲ್ಲ ಒಂದೇ ಮೇಜಿನ ಸುತ್ತ ದೊರೆತರೆ ಸಾಲದ ಅರ್ಜಿ ಬೇಗ ವಿಲೇವಾರಿಯಾದಂತೆ ಎಂದು ಬ್ಯಾಂಕಿನವನಾದ ನನಗೆ ತೋರುತ್ತದೆ!

ತೆಪ್ಪಗಳು ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಕಾಣದಷ್ಟು ಚಿಕ್ಕವು, ಕ್ಷಣಿಕವೂ ಹೌದು. ಆದುದರಿಂದ ಅವು ನಿಜವಾಗಿ ಇವೆಯೇ ಎಂಬ ವಿವಾದ ಬಹುಕಾಲ ನಡೆಯಿತು. ಒಂದು ಬಗೆಯ ಪ್ರೋಟೀನುಗಳು ಪೊರೆಯಲ್ಲಿ ಅತಿ ಸಣ್ಣ ಗುಂಪುಗಳಾಗಿರುವುದನ್ನೂ ಕೊಲೆಸ್ಟರಾಲು ಕುಗ್ಗಿದರೆ ಆ ಗುಂಪುಗಳು ಚದುರುವುದನ್ನೂ 1998ರಲ್ಲಿ ತೋರಿಸಿದವರು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸತ್ಯಜಿತ್ ಮೇಯರ್ ಮತ್ತು ಅವರ ಸಂಗಡಿಗರು ಎಂಬುದು ನಮಗೆ ಹೆಮ್ಮೆಯ ಸಂಗತಿ.

ರೋಗಗಳೂ ಈ ತೆಪ್ಪಗಳನ್ನು ಬಳಸಿಕೊಳ್ಳುತ್ತವೆ. ಕಲ್ಕತ್ತೆಯ ಶಂಭುನಾಥ ಡೇ ಅವರು 1959ರಲ್ಲಿ ಬೆಳಕಿಗೆ ತಂದ ಕಾಲರಾ ವಿಷವು, ತೆಪ್ಪಗಳಲ್ಲಿ ನೆಲೆಸಿರುವ ಜಿಎಂ1 ಎಂಬ ಮೇದಸ್ಸನ್ನು ಹಿಡಿದುಕೊಂಡೇ ಕರುಳಿನ ಕೋಶವನ್ನು ಹೊಗುತ್ತದೆ.

ನನ್ನ ಮಿತ್ರರೊಬ್ಬರು ಕೊಲೆಸ್ಟರಾಲಿನ ಉಪಯೋಗವನ್ನು ಕುರಿತು ಎಲ್ಲಿಯೋ ಓದಿ, ಹೃದಯಾಘಾತವಾದ ಮೇಲೆ ವೈದ್ಯರು ಕೊಟ್ಟಿದ್ದ ಸ್ಟ್ಯಾಟಿನ್ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿಬಿಟ್ಟರು. ಇದು ಎರಡು ಖಾತೆಗಳನ್ನು ಒಂದೆಂದು ಎಣಿಸಿದಂತೆ. ಪೊರೆಗೆ ಬೇಕಾದ ಕೊಲೆಸ್ಟರಾಲನ್ನು ಕೋಶಗಳು ಬಹುಮಟ್ಟಿಗೆ ತಾವೇ ತಯಾರಿಸಿಕೊಳ್ಳಬಲ್ಲವು. ಸಾಲದಿದ್ದರೆ ರಕ್ತದಿಂದ ಸೆಳೆದುಕೊಳ್ಳುತ್ತವೆ. ರಕ್ತನಾಳದ ಗೋಡೆಯಲ್ಲಿ ಕೂಡಿ ಕೆಡಿಸುವುದು ಎಲ್‌ಡಿಎಲ್ ಕಣಗಳು ರಕ್ತದಲ್ಲಿ ಹೊತ್ತು ತಿರುಗುವ ಹೆಚ್ಚುವರಿ. ಸ್ಟ್ಯಾಟಿನ್ ಯಕೃತ್ತಿನಲ್ಲಿ ಉತ್ಪಾದನೆಯನ್ನು ತಗ್ಗಿಸುತ್ತದೆ; ಆಗ ಯಕೃತ್ತು ತನಗೆ ಬೇಕಾದುದಕ್ಕಾಗಿ ಆ ಕಣಗಳನ್ನೇ ರಕ್ತದಿಂದ ಹೆಚ್ಚು ಹೆಚ್ಚಾಗಿ ಹೀರಿಕೊಳ್ಳುತ್ತದೆ.

ಮುಂದಿನ ವರದಿಯ ಅಂಕಿಯನ್ನು ಕಂಡು ಬೆಚ್ಚಿದ ಮಿತ್ರರು ವೈದ್ಯರ ಬಳಿಗೆ ಮರಳಿದರು. ಈಗ ರಾತ್ರಿಯ ಮಾತ್ರೆಯನ್ನು ಅವರ ಮನೆಯವರೇ ಎದುರಿಗೆ ನಿಂತು ನುಂಗಿಸುತ್ತಾರೆ.