ಹಿಮ ಕರಗಿತು, ಇನ್ನು ಸೆಸ್ನಾ ಹೊರಗೆ ಬರಲಿ

ಮಾರ್ಚ್ ತಿಂಗಳ ಎರಡನೇ ಭಾನುವಾರ ಅಮೆರಿಕದ ಬಹುಪಾಲು ಕಡೆ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುತ್ತಾರೆ. ಒಂದು ಗಂಟೆ ನಿದ್ದೆ ಹೋಯ್ತು ಅಂತ ಆಫೀಸಿನಲ್ಲಿ ಎಲ್ಲರೂ ಗೊಣಗುತ್ತಾರೆ. ಸಣ್ಣ ವಿಮಾನ ಇಟ್ಟುಕೊಂಡವರು ಮಾತ್ರ ಗೊಣಗೋದಿಲ್ಲ. ಐದಕ್ಕೆ ಲ್ಯಾಪ್‌ಟಾಪ್ ಮುಚ್ಚಿದರೆ ಇನ್ನೂ ಎರಡು ಗಂಟೆ ಬೆಳಕಿರುತ್ತೆ, ಅವರಿಗೆ ಅಷ್ಟು ಸಾಕು.

ನಾನು ಮಿನೆಸೋಟಾದಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ನಾವು ನಾಲ್ಕು ಜನ ಸೇರಿ 1970ರ ದಶಕದ ಒಂದು ಸೆಸ್ನಾ 172 ಇಟ್ಟುಕೊಂಡಿದ್ದೀವಿ. ಸ್ವಂತ ವಿಮಾನ ಅಂದಕೂಡಲೇ ಕೋಟ್ಯಧಿಪತಿಗಳ ಜೆಟ್ ನೆನಪಿಸಿಕೊಳ್ಳಬೇಡಿ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ಹೋಗುವಾಗ ಜಕ್ಕೂರಿನ ಹತ್ತಿರ ಪುಟ್ಟ ವಿಮಾನ ಇಳಿಯೋದನ್ನು ನೋಡಿದ್ದರೆ, ಹೆಚ್ಚುಕಮ್ಮಿ ಅಂಥದ್ದೇ. ಒಂದು ಪ್ರೊಪೆಲ್ಲರ್, ನಾಲ್ಕು ಸೀಟು, ಗಂಟೆಗೆ ಸುಮಾರು 200 ಕಿಲೋಮೀಟರ್ ವೇಗ. 1955ರಲ್ಲಿ ಮೊದಲು ಹಾರಿದ ಈ ಮಾದರಿಯ 44,000ಕ್ಕೂ ಹೆಚ್ಚು ವಿಮಾನಗಳು ತಯಾರಾಗಿವೆ. ಜಗತ್ತಿನಲ್ಲಿ ಇಷ್ಟು ಸಂಖ್ಯೆಯಲ್ಲಿ ತಯಾರಾದ ವಿಮಾನ ಬೇರೊಂದಿಲ್ಲ.

ಇಲ್ಲಿನ ಚಳಿಗಾಲದಲ್ಲಿ ಹಾರಬಾರದು ಅಂತೇನೂ ಇಲ್ಲ. ತಣ್ಣನೆ ಗಾಳಿ ದಟ್ಟವಾಗಿರೋದರಿಂದ ರೆಕ್ಕೆಗೂ ಎಂಜಿನ್‌ಗೂ ಖುಷಿ, ವಿಮಾನ ಸರಸರ ಮೇಲೇರುತ್ತೆ. ಕಷ್ಟ ಇರೋದು ನೆಲದ ಮೇಲೆ. ಮೈನಸ್ 20 ಡಿಗ್ರಿಯಲ್ಲಿ ಎಂಜಿನ್ ಆಯಿಲ್ ಗಟ್ಟಿಯಾಗಿರುತ್ತೆ. ಹೀಟರ್ ಹಾಕಿ, ಮೂತಿಗೆ ಕಂಬಳಿ ಹೊದಿಸಿ, ಗಂಟೆಗಟ್ಟಲೆ ಬಿಸಿ ಮಾಡಿದ ಮೇಲೇ ಸ್ಟಾರ್ಟ್ ಮಾಡಬೇಕು. ಇಷ್ಟೆಲ್ಲ ಮಾಡುವಷ್ಟರಲ್ಲಿ ಶನಿವಾರ ಮುಗಿದಿರುತ್ತೆ. ಹಾಗಾಗಿ ವಿಮಾನ ವಾರಗಟ್ಟಲೆ ನಿಂತಲ್ಲೇ ನಿಂತಿರುತ್ತೆ, ನಾವು ಕಿಟಕಿಯಿಂದ ಆಕಾಶ ನೋಡ್ತಾ ಇರ್ತೀವಿ.

ಆಮೇಲೆ ಏಪ್ರಿಲ್‌ನಲ್ಲಿ ಒಂದು ದಿನ ಬಿಸಿಲು ಬೀಳುತ್ತೆ. ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರಿಗೂ ಒಂದೇ ಆತುರ. ನಾನು ಹೇಳಬೇಕಂತಿರೋದು ಆ ದಿನದ ಬಗ್ಗೆಯೇ. ಆಕಾಶ ಕರೆಯೋ ಆ ಮೊದಲ ದಿನವೇ ವಿಮಾನವೂ ಪೈಲಟ್ಟೂ ಅತಿ ಕಡಿಮೆ ಸಿದ್ಧರಾಗಿರುತ್ತಾರೆ.

ಇಲಿ, ಹಕ್ಕಿ, ನೀರು

ಊರಲ್ಲಿ ಮುಂಗಾರಿಗೆ ಮೊದಲು ಅಪ್ಪ ನೇಗಿಲು, ನೊಗ, ಮಿಣಿ ಎಲ್ಲ ಹೊರಗೆ ತಂದು ನೋಡುತ್ತಿದ್ದರು. ವಸಂತದ ಹ್ಯಾಂಗರ್ ಸಾಲಿನಲ್ಲೂ ಅದೇ ಕೆಲಸ. ಚಳಿಗೆ ಬೆಚ್ಚನೆ ಜಾಗ ಹುಡುಕಿ ಬಂದ ಇಲಿ ವೈರ್ ಕಡಿದಿರಬಹುದು. ಅದರ ಮೂತ್ರ ಅಲ್ಯೂಮಿನಿಯಂ ಅನ್ನು ತಿನ್ನುತ್ತೆ. ಹಕ್ಕಿಗಳಂತೂ ಎಂಜಿನ್ ಮುಚ್ಚಳದೊಳಗೆ ಗೂಡು ಕಟ್ಟೋಕೆ ವಾರ ಕಾಯೋದಿಲ್ಲ, ಒಂದೇ ದಿನದಲ್ಲಿ ಹುಲ್ಲು ತುಂಬಿಸಿಬಿಡುತ್ತವೆ. ಬಿಸಿ ಎಂಜಿನ್ ಮೇಲೆ ಒಣಹುಲ್ಲು ಅಂದ್ರೆ ಏನಾಗಬಹುದು ಅಂತ ಬೇರೆ ಹೇಳಬೇಕಿಲ್ಲ.

ಇನ್ನೊಂದು ನೀರು. ಅರ್ಧ ಖಾಲಿ ಟ್ಯಾಂಕಿನೊಳಗಿನ ಗಾಳಿಯ ತೇವ ಹನಿಗಟ್ಟಿ ತಳ ಸೇರುತ್ತೆ. ಹಾಗಾಗಿ ರೆಕ್ಕೆಯ ಕೆಳಗಿನ ನಲ್ಲಿಯಿಂದ ಸ್ವಲ್ಪ ಇಂಧನವನ್ನು ಪಾರದರ್ಶಕ ಲೋಟಕ್ಕೆ ಬಿಟ್ಟು ಬೆಳಕಿಗೆ ಹಿಡಿದು ನೋಡಬೇಕು. ನಮ್ಮ ವಿಮಾನದ ಪೆಟ್ರೋಲ್ ತಿಳಿನೀಲಿ. ತಳದಲ್ಲಿ ಬಣ್ಣವಿಲ್ಲದ ಗುಳ್ಳೆ ಕಂಡರೆ ಅದು ನೀರು. ಅದು ಪೂರ್ತಿ ಹೋಗೋವರೆಗೂ ಬಿಡ್ತಾ ಇರಬೇಕು.

ಬಿಸಿಲಲ್ಲೂ ಹಿಮ

ಹೊಸಬರು ನಂಬದ ಸಂಗತಿ ಇದು. ಹಳೆಯ ಸೆಸ್ನಾಗಳಲ್ಲಿ ಕಾರ್ಬ್ಯುರೇಟರ್ ಇರುತ್ತೆ. ಅಲ್ಲಿ ಪೆಟ್ರೋಲ್ ಆವಿಯಾಗುವಾಗ, ಗಾಳಿ ಕಿರಿದಾದ ಜಾಗದಲ್ಲಿ ನುಗ್ಗುವಾಗ, ಉಷ್ಣತೆ 20 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಇಳಿಯಬಹುದು. ಹೊರಗೆ ಹಿತವಾದ 15 ಡಿಗ್ರಿ ಇದ್ದು ಗಾಳಿಯಲ್ಲಿ ತೇವ ಇದ್ದರೆ, ಒಳಗೆ ಮಂಜುಗಡ್ಡೆ ಕಟ್ಟಿ ಎಂಜಿನ್ ಉಸಿರುಗಟ್ಟುತ್ತೆ. ಕಡು ಚಳಿಯ ಒಣಗಾಳಿಗಿಂತ ಹಿಮ ಕರಗುವ ಕಾಲದ ಈ ತೇವದ ಗಾಳಿಯಲ್ಲೇ ಇದರ ಕಾಟ ಹೆಚ್ಚು. ಆರ್‌ಪಿಎಂ ಮೆಲ್ಲಗೆ ಇಳಿಯೋದು ಮೊದಲ ಸೂಚನೆ. ಬಿಸಿಗಾಳಿ ಒಳಬಿಡೋ ಗುಂಡಿ ಎಳೆದರೆ ಗಡ್ಡೆ ಕರಗುತ್ತೆ. ಆದರೆ ಆ ಸೂಚನೆ ಗುರುತಿಸೋ ಅಭ್ಯಾಸ ಚಳಿಗಾಲದಲ್ಲಿ ಮರೆತಿರಬಾರದು, ಅಷ್ಟೇ.

ಗಾಳಿಯ ಲೆಕ್ಕ

ಉತ್ತ ಕಪ್ಪು ಹೊಲ ಬಿಸಿಲಿಗೆ ಬೇಗ ಕಾಯುತ್ತೆ. ಪಕ್ಕದ ಕೆರೆ ಮೇಲೆ ಇನ್ನೂ ಮಂಜುಗಡ್ಡೆ. ಹೊಲದ ಮೇಲಿನ ಗಾಳಿ ಏರುತ್ತೆ, ಕೆರೆ ಮೇಲಿನದು ಇಳಿಯುತ್ತೆ, ನಡುವೆ ನಮ್ಮ ವಿಮಾನ ಹಳ್ಳಿ ರಸ್ತೆಯ ಬಸ್ಸಿನ ಹಾಗೆ ಕುಲುಕುತ್ತೆ. ಅದಕ್ಕೇ ಅನುಭವಸ್ಥರು ಬೆಳಿಗ್ಗೆ ಬೇಗ ಅಥವಾ ಸೂರ್ಯ ಮುಳುಗೋ ಹೊತ್ತಿಗೆ ಹಾರುತ್ತಾರೆ.

ಇಳಿಯುವಾಗ ಅಡ್ಡಗಾಳಿ ಇನ್ನೊಂದು ಪರೀಕ್ಷೆ. ಗಾಳಿ 20 ನಾಟ್ ಇದ್ದು ರನ್‌ವೇಗೆ 30 ಡಿಗ್ರಿ ಓರೆಯಾಗಿ ಬಂದರೆ, ಅಡ್ಡಗಾಳಿ ಅದರ ಅರ್ಧ, ಅಂದರೆ 10 ನಾಟ್. ಪಿಯುಸಿಯ ಸೈನ್ ಟೇಬಲ್ ಇಲ್ಲಿ ಉಪಯೋಗಕ್ಕೆ ಬರುತ್ತೆ ಅಂತ ಆಗ ಯಾರೂ ಹೇಳಿರಲಿಲ್ಲ! ಸೆಸ್ನಾ 172ರ ಕೈಪಿಡಿಯಲ್ಲಿ 15 ನಾಟ್ ಅಂತ ಇದೆ. ಅದು ಕಂಪನಿಯ ಟೆಸ್ಟ್ ಪೈಲಟ್ ಮಾಡಿ ತೋರಿಸಿದ್ದು. ನಾಲ್ಕು ತಿಂಗಳು ಸ್ಟಿಯರಿಂಗ್ ಮುಟ್ಟದವನಿಗೆ ಹೇಳಿದ್ದಲ್ಲ. ವಸಂತದ ಮೊದಲ ವಾರಗಳಿಗೆ ನನ್ನ ಮಿತಿ 7 ನಾಟ್. ಬರೆದು ಫ್ರಿಜ್ ಮೇಲೆ ಅಂಟಿಸಿದ್ದೀನಿ. ಹ್ಯಾಂಗರ್‌ವರೆಗೂ ಹೋದ ಮೇಲೆ ಯೋಚಿಸೋಕೆ ಕೂತರೆ ಮನಸ್ಸು ಹಾರೋ ಕಡೆಗೇ ವಾದ ಮಾಡುತ್ತೆ.

ಮೂರು ಲ್ಯಾಂಡಿಂಗ್ ಸಾಕಾ?

ಪ್ರಯಾಣಿಕರನ್ನು ಕೂರಿಸಿಕೊಳ್ಳಬೇಕಾದರೆ ಹಿಂದಿನ 90 ದಿನಗಳಲ್ಲಿ ಮೂರು ಸಲ ಏರಿ ಇಳಿದಿರಬೇಕು ಅಂತ ಅಮೆರಿಕದ ನಿಯಮ ಹೇಳುತ್ತೆ. ಒಬ್ಬನೇ ಹೋಗಿ ಅರ್ಧ ಗಂಟೆಯಲ್ಲಿ ಮೂರು ಸುತ್ತು ಹಾಕಿದರೆ ಕಾನೂನಿನ ಲೆಕ್ಕ ಚುಕ್ತಾ. ಗಾಳಿ ಇಲ್ಲದ ಬೆಳಿಗ್ಗೆ ಹಾಕಿದ ಮೂರು ಸುತ್ತು, ಗಾಳಿ ಎದ್ದ ಮಧ್ಯಾಹ್ನಕ್ಕೆ ಏನನ್ನೂ ಕಲಿಸಿರೋದಿಲ್ಲ.

ಈ ಸಲ ಈ ಪ್ರಶ್ನೆ ನನಗೆ ಬರೀ ನಿಯಮದ್ದಲ್ಲ. ಮೇ ತಿಂಗಳಲ್ಲಿ ಅಪ್ಪ ಅಮ್ಮ ಬರ್ತಿದ್ದಾರೆ. ಅಪ್ಪನಿಗೆ ಪಕ್ಕದ ಸೀಟಲ್ಲಿ ಕೂತು ಮೇಲಿಂದ ಇಲ್ಲಿನ ಜೋಳದ ಹೊಲ ನೋಡೋ ಆಸೆ. ಅದಕ್ಕೇ ಯೋಜನೆ ಹೀಗಿದೆ: ಮೊದಲೆರಡು ಹಾರಾಟ ಇನ್‌ಸ್ಟ್ರಕ್ಟರ್ ಜೊತೆ, ಅದೂ ಬೇಕಂತಲೇ ಗಾಳಿ ಇರೋ ದಿನ. ಆಮೇಲೆ ಒಬ್ಬನೇ. ಆಮೇಲಷ್ಟೇ ಅಪ್ಪ. ಅಮ್ಮ "ನಾನು ಕೆಳಗೇ ನಿಂತು ನೋಡ್ತೀನಪ್ಪ" ಅಂದಿದ್ದಾರೆ.

ಫೋನಲ್ಲಿ ಇದನ್ನೆಲ್ಲ ವಿವರಿಸಿದಾಗ, ಇಷ್ಟು ತಡ ಯಾಕೆ ಅಂತ ಅಪ್ಪ ಬೇಜಾರು ಮಾಡ್ಕೊಳ್ತಾರೆ ಅಂದುಕೊಂಡಿದ್ದೆ. "ಸರಿ ಕಣೋ," ಅಂದರು. "ಬೇಸಿಗೆಯೆಲ್ಲ ನಿಂತಿದ್ದ ಎತ್ತನ್ನ ನಾನೂ ಮೊದಲ ದಿನ ಅರ್ಧ ಹೊತ್ತಷ್ಟೇ ಹೂಡ್ತಿದ್ದೆ."