ಪಾಟಿಗೆ ಫೋನ್ ಬಂದೈತಿ

ಕೆರೂರಿನ ನಮ್ಮ ಮನೆಯಲ್ಲಿ ಟ್ಯಾಬ್ಲೆಟ್‌ಗೆ ಇರುವ ಹೆಸರು ಪಾಟಿ. ಹೆಸರಿಟ್ಟವಳು ಅವ್ವ. ಬಳಪ ಹಿಡಿದು ಅಕ್ಷರ ತಿದ್ದಿದ ಕರಿಪಾಟಿಯ ಅಳತೆ, ಅದರದೇ ಕಟ್ಟು. ಬೇರೆ ಹೆಸರು ಯಾಕೆ ಬೇಕು? 2020ರಲ್ಲಿ ಶಾಲೆಗೆ ಬೀಗ ಬಿದ್ದಾಗ ಹುಡುಗರ ಆನ್‌ಲೈನ್ ಪಾಠಕ್ಕೆಂದು ತಂದದ್ದು ಅದು. ಶಾಲೆ ತೆರೆದ ಮೇಲೆ ಗೋಡೆಯ ಮಾಡದಲ್ಲಿ ಪಂಚಾಂಗದ ಪಕ್ಕ ಧೂಳು ತಿನ್ನುತ್ತ ಕೂತಿತ್ತು. ಇತ್ತ ಅವ್ವನ ಗುಂಡಿ ಫೋನಿನ ಅಂಕಿಗಳು ಅಳಿಸಿದ್ದವು, ಕಣ್ಣಿಗೆ ಪೊರೆ ಬೆಳೆದಿತ್ತು. ಹುಬ್ಬಳ್ಳಿಯ ತಂಗಿಗೆಂದು ಮಾಡಿದ ಕರೆ ಯಾವುದೋ ಗೊಬ್ಬರದ ಅಂಗಡಿಗೆ ಹೋಗತೊಡಗಿದಾಗ ನನಗೆ ಹೊಳೆಯಿತು: ಪಾಟಿಗೇ ಸಿಮ್ ಹಾಕಿದರಾಯಿತಲ್ಲ!

ಹಾಕಿದೆ. ಸಿಗ್ನಲ್ ಕಡ್ಡಿ ಮೂಡಿದವು, ಇಂಟರ್‌ನೆಟ್ ಬಂತು. ಕರೆ ಮಾಡುವ ಹಸಿರು ಗುರುತು ಮಾತ್ರ ಎಲ್ಲಿ ಹುಡುಕಿದರೂ ಇಲ್ಲ. ಮಾರಿದವನನ್ನು ಕೇಳಿದರೆ, “ಸಿಮ್ ಇರೋದು ನೆಟ್ಟಿಗಷ್ಟರೀ ಸರ, ಮಾತಾಡಾಕ ಅಲ್ಲ” ಎಂದ. ಮಾರುವ ದಿನ ಈ ಮಾತು ಅವನ ಬಾಯಿಗೆ ಬಂದಿರಲಿಲ್ಲ.

ಕೆರೂರಿನವರಿಗೆ ಇದನ್ನು ತಿಳಿಸುವುದು ಸುಲಭ. ಹುಬ್ಬಳ್ಳಿ–ವಿಜಯಪುರ ಹೆದ್ದಾರಿ ಊರಿಗೆ ತಾಗಿಯೇ ಹೋಗುತ್ತದೆ, ಹಾಗಂತ ತಡೆರಹಿತ ಬಸ್ಸು ನಮ್ಮ ಕೈಗೆ ನಿಲ್ಲುತ್ತದೆಯೇ? ಸಿಮ್ ಕಿಂಡಿ ಎಂದರೆ ದಾರಿ ಮಾತ್ರ. ಆ ದಾರಿಯಲ್ಲಿ ಮಾತನ್ನೂ ಇಳಿಸಿ ಹತ್ತಿಸಬೇಕೆ ಎಂಬುದನ್ನು ತಯಾರಿಸಿದ ಕಂಪನಿ ನಿರ್ಧರಿಸುತ್ತದೆ. 2010ರಲ್ಲಿ ಬಂದ ಸ್ಯಾಮ್‌ಸಂಗ್‌ನ ಏಳು ಇಂಚಿನ ಗ್ಯಾಲಕ್ಸಿ ಟ್ಯಾಬ್ ನಮ್ಮಲ್ಲಿ ಕರೆ ಮಾಡುತ್ತಿತ್ತು. ಅಮೆರಿಕದಲ್ಲಿ ಮಾರಿದ ಅದೇ ಟ್ಯಾಬ್‌ನಲ್ಲಿ ಆ ಸೌಲಭ್ಯ ತೆಗೆದಿದ್ದರು. ಅದೇ ವರ್ಷ ಹುಟ್ಟಿದ ಆ್ಯಪಲ್‌ನ ಐಪ್ಯಾಡ್, ಸಿಮ್ ಇದ್ದರೂ, ಇವತ್ತಿಗೂ ಮಾಮೂಲಿ ಫೋನಿನಂತೆ ಕರೆ ಮಾಡುವುದಿಲ್ಲ. ಮನೆಯಲ್ಲಿ ಐಫೋನ್ ಇದ್ದು ಎರಡೂ ಒಂದೇ ಖಾತೆಯಲ್ಲಿದ್ದರೆ ಅದರ ಕರೆಯನ್ನು ಇದು ಎತ್ತಿಕೊಳ್ಳುತ್ತದೆ, ಅಷ್ಟೇ. ಒಂದೇ ಯಂತ್ರದಲ್ಲಿ ಎರಡೂ ಸಿಕ್ಕರೆ ಜನ ಫೋನ್ ಬೇರೆ ಕೊಳ್ಳುವುದಿಲ್ಲ ಎಂಬ ವ್ಯಾಪಾರದ ಲೆಕ್ಕವೂ ಇದರ ಹಿಂದೆ ಇದ್ದೀತು ಎಂಬುದು ನನ್ನ ಗುಮಾನಿ.

ಇನ್ನೊಂದು ತೊಡಕು 2016ರ ಸೆಪ್ಟೆಂಬರ್ 5ರಂದು ಜಿಯೋ ಬಂದಾಗಿನದು. ಆಗ ಅದು ಬರೀ 4ಜಿ ಜಾಲವಾಗಿತ್ತು. ಹಳೆಯ 2ಜಿ, 3ಜಿಯಲ್ಲಿ ಮಾತಿಗೆ ಬೇರೆ ಹಾದಿ ಇತ್ತು. 4ಜಿಯಲ್ಲಿ ಮಾತೂ ಇಂಟರ್‌ನೆಟ್ಟಿನ ಪೊಟ್ಟಣವಾಗಿಯೇ ಸಾಗಬೇಕು. ಅದಕ್ಕೆ ವೋಲ್ಟೆ ಎನ್ನುತ್ತಾರೆ. ವೋಲ್ಟೆ ಇಲ್ಲದ ಟ್ಯಾಬ್‌ಗೆ ಜಿಯೋ ಸಿಮ್ ಹಾಕಿದರೆ ಸಿನಿಮಾ ಓಡುತ್ತದೆ, ಕರೆ ಹೋಗುವುದಿಲ್ಲ. ಆಗ ಕಂಪನಿ ಕೊಟ್ಟ ಆ್ಯಪ್ ಹಾಕಿಕೊಂಡು ಮಾತಾಡಿದವರು ಬಹಳ ಮಂದಿ.

ಎರಡನೇ ಪಾಟಿ ತರುವಾಗ ಎಚ್ಚರ ವಹಿಸಿದೆ. ಪೆಟ್ಟಿಗೆಯ ಮೇಲೆ ‘4ಜಿ’ ಎಂದಿದ್ದರೆ ಸಾಲದು, ‘ವಾಯ್ಸ್ ಕಾಲಿಂಗ್’ ಎಂದು ಬರೆದಿರಬೇಕು. ಈಗ ಅವ್ವನ ಪರದೆಯ ಮೇಲೆ ಅಂಗೈಯಗಲದ ಐದು ಮುಖಗಳಿವೆ. ಮುಖ ಒತ್ತಿದರೆ ಕರೆ. ಅಂಕಿಯ ಗೊಡವೆ ಇಲ್ಲ.

ಗುಟ್ಟೂ ಇಲ್ಲ. ಇಂಥ ಬಹುತೇಕ ಟ್ಯಾಬ್‌ಗಳಲ್ಲಿ ಕಿವಿಗೆ ಹಿಡಿಯುವ ಪುಟ್ಟ ಸ್ಪೀಕರ್ ಇರುವುದಿಲ್ಲ. ಮಾತು ದೊಡ್ಡ ಸ್ಪೀಕರಿನಲ್ಲೇ ಹೊರಬರುತ್ತದೆ. ಚಿಕ್ಕವ್ವ ಅತ್ತ ಸೊಸೆಯ ದೂರು ಹೇಳಿದರೆ ಇತ್ತ ಕಟ್ಟೆಯ ಮೇಲಿನವರೆಲ್ಲ ಹೂಂಗುಟ್ಟುತ್ತಾರೆ. ಮೊದಲ ವಾರ ಅವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಆನಿಸಿಕೊಂಡಳು, ಮೊರದಿಂದ ಮುಖ ಮುಚ್ಚಿಕೊಂಡಂತೆ. “ಹಿಡೀಬ್ಯಾಡ, ಗ್ವಾಡಿಗೆ ಆನಿಸಿ ಇಡು” ಎಂದು ಕಲಿಸಬೇಕಾಯಿತು. ತಂತಿಯ ಇಯರ್‌ಫೋನ್ ಹಾಕಿದರೆ ಗುಟ್ಟು ಉಳಿಯುತ್ತದೆ, ಬ್ಲೂಟೂತ್ ಆದರೂ ಸರಿ. ಗುಳೇದಗುಡ್ಡದಲ್ಲೋ ಇಳಕಲ್ಲಿನಲ್ಲೋ ಮಗ್ಗದ ಸಪ್ಪಳದ ನಡುವೆ ಕೂತು ದುಡಿಯುವವರಿಗಂತೂ ಇಯರ್‌ಫೋನ್ ಇಲ್ಲದೆ ಟ್ಯಾಬ್‌ನ ಕರೆ ಕೇಳಿಸುವುದು ಕಷ್ಟ.

ವಾಟ್ಸ್ಆ್ಯಪ್ ಇದೆಯಲ್ಲ, ಇಷ್ಟೆಲ್ಲ ಯಾಕೆ ಎನ್ನುವವರಿದ್ದಾರೆ. ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋದ ಮಕ್ಕಳ ಮುಖ ನೋಡಲು ಅದೇ ಸರಿ. ನಿಮ್ಮ ಫೋನಿನ ಖಾತೆಯನ್ನೇ ಟ್ಯಾಬ್‌ಗೂ ಜೋಡಿಸಬಹುದು. ಆದರೆ ಮೂಲ ಫೋನನ್ನು 14 ದಿನಕ್ಕಿಂತ ಹೆಚ್ಚು ಬಳಸದೆ ಬಿಟ್ಟರೆ ಜೋಡಣೆ ಕಳಚುತ್ತದೆ. ಕರೆಂಟ್ ಹೋದಾಗ ಮನೆಯ ವೈಫೈ ಸತ್ತರೆ ವೈಫೈ ನಂಬಿದ ಪಾಟಿ ಮೂಕವಾಗುತ್ತದೆ. ಎಲ್ಲಕ್ಕಿಂತ ದೊಡ್ಡ ಮಾತು, ವಾಟ್ಸ್ಆ್ಯಪ್‌ನಿಂದ ತುರ್ತು ಸಂಖ್ಯೆ 112ಕ್ಕೆ ಕರೆ ಹೋಗುವುದಿಲ್ಲ. ಒಬ್ಬರೇ ಇರುವ ಹಿರಿಯರ ಮನೆಯಲ್ಲಿ ಇದನ್ನು ಮರೆಯುವಂತಿಲ್ಲ. ಅದಕ್ಕೇ ಅವ್ವನ ಹಳೆಯ ಗುಂಡಿ ಫೋನನ್ನು ನಾನು ಎಸೆದಿಲ್ಲ. ಚಾರ್ಜ್ ಮಾಡಿ ದಿಂಬಿನ ಬದಿಗೆ ಇಟ್ಟಿದ್ದೇನೆ.

ನೀವೂ ಮನೆಯ ಹಿರಿಯರಿಗೆಂದು ಟ್ಯಾಬ್ ಕೊಳ್ಳುವುದಾದರೆ ನಿಮ್ಮದೇ ಸಿಮ್ ಒಯ್ಯಿರಿ. ಅಂಗಡಿಯಲ್ಲೇ ಅದನ್ನು ಹಾಕಿಸಿ ಮನೆಗೊಂದು ಕರೆ ಮಾಡಿ, ಮನೆಯಿಂದಲೂ ಒಂದು ಮಾಡಿಸಿಕೊಳ್ಳಿ. ಎರಡೂ ಬದಿಯ ಮಾತು ಕೇಳಿಸಿದ ಮೇಲೆ ದುಡ್ಡು ಕೊಡಿ.