ಏಳು ಮೈಕ್ರಾನಿನ ಜಗ್ಗಾಟ

2007ರ ಜುಲೈ 5ರಂದು ಮೈಕ್ರೋಸಾಫ್ಟ್ ಒಂದು ಪ್ರಕಟಣೆ ಹೊರಡಿಸಿತು. ಎಕ್ಸ್‌ಬಾಕ್ಸ್ 360 ಗೇಮ್ ಯಂತ್ರದ ಮುಖದ ಮೇಲೆ ಮೂರು ಕೆಂಪು ದೀಪ ಮಿನುಗಿದರೆ, ಕೊಂಡ ದಿನದಿಂದ ಮೂರು ವರ್ಷದವರೆಗೆ ಪುಕ್ಕಟೆ ರಿಪೇರಿ. ಅದೇ ದೋಷಕ್ಕೆ ಈಗಾಗಲೇ ದುಡ್ಡು ತೆತ್ತವರಿಗೆ ದುಡ್ಡು ವಾಪಸು. ಅದಕ್ಕೆಂದು ಕಂಪನಿ ಎತ್ತಿಟ್ಟ ಹಣ 105 ಕೋಟಿಯಿಂದ 115 ಕೋಟಿ ಡಾಲರ್. ಡಾಲರಿಗೆ ನಲವತ್ತು ಚಿಲ್ಲರೆ ರೂಪಾಯಿ ಇದ್ದ ಆ ಕಾಲದಲ್ಲಿ 115 ಕೋಟಿ ಡಾಲರ್ ಎಂದರೆ ಸುಮಾರು 4,600 ಕೋಟಿ ರೂಪಾಯಿ. ಆ ಹೊತ್ತಿಗೆ ಕಂಪನಿಯ ಲೆಕ್ಕದಲ್ಲಿ ಹೊರಗೆ ಹೋಗಿದ್ದ ಯಂತ್ರಗಳು 1 ಕೋಟಿ 16 ಲಕ್ಷ. ಭಾಗಿಸಿ ನೋಡಿ. ಕೆಟ್ಟದ್ದೂ ಸೇರಿ, ಚೆನ್ನಾಗಿ ಓಡುತ್ತಿದ್ದದ್ದೂ ಸೇರಿ, ತಲಾ ಒಂದಕ್ಕೆ ಹೆಚ್ಚುಕಡಿಮೆ 100 ಡಾಲರ್ ಬೀಳುತ್ತದೆ. ಹಾರ್ಡ್ ಡಿಸ್ಕ್ ಇದ್ದ ಯಂತ್ರದ ಬೆಲೆಯೇ 399 ಡಾಲರ್ ಆಗಿತ್ತು.

ಆಗ ಎಕ್ಸ್‌ಬಾಕ್ಸ್ ವಹಿವಾಟು ನೋಡಿಕೊಳ್ಳುತ್ತಿದ್ದ ಪೀಟರ್ ಮೂರ್ ವರ್ಷಗಳ ನಂತರ ಆ ಲೆಕ್ಕದ ಒಳಗುಟ್ಟನ್ನೂ ಹೇಳಿದರು. ಕೆಟ್ಟ ಯಂತ್ರಗಳನ್ನು ಕೊರಿಯರ್‌ನಲ್ಲಿ ತರಿಸಿ, ಮತ್ತೆ ಕಳಿಸುವ ಖರ್ಚೇ 24 ಕೋಟಿ ಡಾಲರ್!

ಇಷ್ಟೆಲ್ಲ ಹಣವನ್ನು ನುಂಗಿದ್ದು ಏನು ಎಂದು ಹುಡುಕಿಕೊಂಡು ಹೋದರೆ ಮಿಲಿಮೀಟರಿನ ಲೆಕ್ಕ ಸಾಲುವುದಿಲ್ಲ, ಮೈಕ್ರಾನಿಗೆ ಇಳಿಯಬೇಕಾಗುತ್ತದೆ.

ಮೊದಲು ಆ ದೀಪಗಳನ್ನು ಹತ್ತಿರದಿಂದ ನೋಡೋಣ. ಪವರ್ ಬಟನ್ನಿನ ಸುತ್ತ ಬೆಳಕಿನ ಉಂಗುರ, ಅದರಲ್ಲಿ ನಾಲ್ಕು ಕಾಲುಭಾಗ. ಎಲ್ಲ ಸರಿಯಿದ್ದರೆ ಹಸಿರು. ನಾಲ್ಕೂ ಕೆಂಪಾದರೆ ಟಿವಿಯ ಕೇಬಲ್ ಸರಿಯಾಗಿ ಕೂತಿಲ್ಲ ಎಂದು ಅರ್ಥ, ಗಾಬರಿ ಬೇಕಿಲ್ಲ. ಎಡಗಡೆಯ ಎರಡು ಕೆಂಪಾದರೆ ಬಿಸಿ ಮೀರಿದೆ, ಆರಿಸಿ ತಣಿಯಲು ಬಿಡಬೇಕು. ಮೇಲಿನ ಬಲಗಡೆಯ ಕಾಲುಭಾಗ ಕತ್ತಲಾಗಿ ಉಳಿದ ಮೂರು ಕೆಂಪಗೆ ಮಿನುಗಿದರೆ ಒಳಗಿನ ಯಂತ್ರಾಂಗವೇ ಕೈಕೊಟ್ಟಿದೆ. ಆಟಗಾರರು ಇದನ್ನು ಸಾವಿನ ಕೆಂಪು ಉಂಗುರ ಎಂದು ಕರೆದರು. ರಿಪೇರಿಗೆ ಕಳಿಸಲೆಂದು ಕಂಪನಿಯಿಂದ ಬರುತ್ತಿದ್ದ ಖಾಲಿ ರಟ್ಟಿನ ಡಬ್ಬಕ್ಕೆ ಶವಪೆಟ್ಟಿಗೆ ಎಂಬ ಹೆಸರು ಬಿತ್ತು.

ಯಂತ್ರದ ಚಿತ್ರ ಬರೆಯುವ ಚಿಪ್ಪಿನ ಹೆಸರು ಕ್ಸೆನಾಸ್. ಸೆಕೆಂಡಿಗೆ 50 ಕೋಟಿ ಬಾರಿ ಮಿಡಿಯುತ್ತಿತ್ತು. ಹೊರಗಿನ ಮೆಮೊರಿಯ ಜೊತೆ ಸೆಕೆಂಡಿಗೆ 22.4 ಗಿಗಾಬೈಟ್ ವ್ಯವಹಾರ. ತನ್ನ ಪಕ್ಕದಲ್ಲೇ, ಅದೇ ಹೊದಿಕೆಯೊಳಗೆ ಕೂತಿದ್ದ 10 ಮೆಗಾಬೈಟಿನ ಪುಟ್ಟ ಮೆಮೊರಿ ಚಿಪ್ಪಿನೊಳಗೆ ಹರಿಯುತ್ತಿದ್ದ ಮಾಹಿತಿ ಸೆಕೆಂಡಿಗೆ 256 ಗಿಗಾಬೈಟ್. 2005ರ ನವೆಂಬರಿನಲ್ಲಿ ಅಂಗಡಿಗೆ ಬಂದ, ಮನೆಮಂದಿ ಟಿವಿಯ ಕೆಳಗೆ ಇಟ್ಟುಕೊಳ್ಳುವ ಪೆಟ್ಟಿಗೆಯೊಂದರಲ್ಲಿ ಇಷ್ಟು! ಆ ಸಿಲಿಕಾನ್ ಬಿಲ್ಲೆ ತನ್ನ ಕೆಳಗಿನ ಹಸಿರು ತಳಕ್ಕೆ ಅಂಟಿಕೊಂಡಿರುವುದು ಸಾಲುಸಾಲಾದ ಬೆಸುಗೆಯ ಗುಂಡುಗಳಿಂದ. ಒಂದೊಂದು ಗುಂಡೂ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು, ಅಂದರೆ ಸುಮಾರು 100 ಮೈಕ್ರಾನ್.

ಈಗ ಬಿಸಿಯ ಲೆಕ್ಕ. ಸಿಲಿಕಾನ್ ಒಂದು ಡಿಗ್ರಿ ಬಿಸಿಯಾದರೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 2.6 ಪಾಲಿನಷ್ಟು ಹಿಗ್ಗುತ್ತದೆ. ಕೆಳಗಿನ ತಳ ಅದೇ ಒಂದು ಡಿಗ್ರಿಗೆ ಸುಮಾರು 16 ಪಾಲು ಹಿಗ್ಗುತ್ತದೆ. ಆಟ ಶುರುವಾಗಿ ಚಿಪ್ಪು 25 ಡಿಗ್ರಿಯಿಂದ 85ಕ್ಕೆ ಏರಿತು ಎನ್ನಿ. ಬಿಲ್ಲೆಯ ನಡುವಿನಿಂದ ಮೂಲೆಗೆ 9 ಮಿಲಿಮೀಟರ್ ದೂರ ಎಂದುಕೊಂಡರೆ, ಸಿಲಿಕಾನ್ ಮೂಲೆ ಸರಿಯುವುದು 1.4 ಮೈಕ್ರಾನ್; ಅದರ ಕೆಳಗಿನ ತಳ ಸರಿಯುವುದು 8.6 ಮೈಕ್ರಾನ್. ನಡುವೆ ಸಿಕ್ಕಿಕೊಂಡ ಗುಂಡು 7 ಮೈಕ್ರಾನ್ ಜಗ್ಗಬೇಕು. ಒಂದು ಮಿಲಿಮೀಟರನ್ನು 140 ಪಾಲು ಮಾಡಿದರೆ ಸಿಗುವ ಒಂದು ಪಾಲು ಅದು. ಈ ಜಗ್ಗಾಟವನ್ನು ಒಂದೇ ಗುಂಡಿನ ಮೇಲೆ ಬೀಳಗೊಡದೆ ಹಂಚಲೆಂದೇ ಗುಂಡುಗಳ ಸುತ್ತ ಅಂಟು ತುಂಬಿರುತ್ತಾರೆ. ಆ ಅಂಟು, ಆ ಬೆಸುಗೆ, ಆ ತಳ, ಮೂರರ ಗುಣಗಳು ಒಂದಕ್ಕೊಂದು ಹೊಂದದೆ ಹೋದರೆ ಮೂಲೆಯ ಗುಂಡುಗಳಲ್ಲಿ ಬಿರುಕು ಹುಟ್ಟುತ್ತದೆ.

ಒಂದು ಸಲದ ಜಗ್ಗಾಟಕ್ಕೆ ಏನೂ ಆಗುವುದಿಲ್ಲ. ಶಾಲೆಯಿಂದ ಬಂದು ಹಾಕುವುದು, ಊಟಕ್ಕೆ ಕರೆದಾಗ ಆರಿಸುವುದು, ಊಟವಾದ ಮೇಲೆ ಮತ್ತೆ. ದಿನಕ್ಕೆ ಮೂರೇ ಸಲ ಎಂದರೂ ಒಂದೂವರೆ ವರ್ಷಕ್ಕೆ 1,600 ಸಲ ದಾಟುತ್ತದೆ. 2021ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ತನ್ನದೇ ಸಾಕ್ಷ್ಯಚಿತ್ರದಲ್ಲಿ ಇದನ್ನು ಒಪ್ಪಿಕೊಂಡಿತು. ಯಂತ್ರಾಂಗ ವಿಭಾಗದ ಹೊಣೆ ಹೊತ್ತಿದ್ದ ಟಾಡ್ ಹೋಮ್‌ಡಾಲ್ ಅದರಲ್ಲಿ ವಿವರಿಸಿದ್ದು ಇದನ್ನೇ: ಹಾಕಿ ಆರಿಸಿ, ಕಾದು ತಣಿದು, ಚಿಪ್ಪಿನ ಹೊದಿಕೆಯ ಒಳಗಿದ್ದ ಸಂಪರ್ಕಗಳು ಮುರಿಯುತ್ತಿದ್ದವು. ಒಳಗೆ ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಮನೆಮದ್ದಿನವರು ಎಡವಿದ್ದೇ ಅಲ್ಲಿ.

ಅವರನ್ನು ಬೈಯುವ ಮನಸ್ಸು ನನಗೆ ಬರುವುದಿಲ್ಲ. ಅಮೆರಿಕದಲ್ಲಿ ಈ ಯಂತ್ರಕ್ಕೆ ಮೊದಲಿದ್ದ ವಾರಂಟಿ ಬರೀ 90 ದಿನ. ಒಂದು ವರ್ಷಕ್ಕೆ ಏರಿದ್ದು 2006ರ ಡಿಸೆಂಬರಿನಲ್ಲಿ. ಅದಕ್ಕೂ ಮೊದಲು, 91ನೇ ದಿನ ಕೆಂಪು ದೀಪ ಕಂಡ ಹುಡುಗನ ಮುಂದೆ ಇದ್ದದ್ದು ಎರಡು ದಾರಿ: ನೂರು ಡಾಲರಿಗೂ ಮೇಲೆ ಕೊಟ್ಟು ರಿಪೇರಿ, ಇಲ್ಲವೇ ಕೈಯಲ್ಲಿದ್ದ ಟವೆಲ್.

ಟವೆಲ್ ಮದ್ದು ಹೀಗೆ. ಗಾಳಿ ಹೋಗುವ ಕಿಂಡಿಗಳೆಲ್ಲ ಮುಚ್ಚುವಂತೆ ಯಂತ್ರಕ್ಕೆ ಎರಡು ಮೂರು ಸುತ್ತು ದಪ್ಪ ಟವೆಲ್ ಬಿಗಿದು, ಸ್ವಿಚ್ ಹಾಕಿ, ಇಪ್ಪತ್ತು ನಿಮಿಷ ಬಿಡುವುದು. ಬೆಸುಗೆ ಕರಗಿ ತಾನಾಗಿ ಕೂಡಿಕೊಳ್ಳುತ್ತದೆ ಎಂಬ ನಂಬಿಕೆ. ಆಮೇಲೆ ಬಿಚ್ಚಿ, ತಣಿಸಿ, ಹಾಕಿದರೆ ಎಷ್ಟೋ ಸಲ ಹಸಿರು ದೀಪ ಬರುತ್ತಿತ್ತು! ಆ ಹಸಿರೇ ಈ ಮದ್ದನ್ನು ಲಕ್ಷಗಟ್ಟಲೆ ಮನೆಗಳ ಕಿವಿಗೆ ಮುಟ್ಟಿಸಿದ್ದು. ಆದರೆ ಬೋರ್ಡಿನ ಮೇಲಿನ ಸೀಸವಿಲ್ಲದ ಬೆಸುಗೆ, ಅಂದರೆ 96.5 ಪಾಲು ತವರ, 3 ಪಾಲು ಬೆಳ್ಳಿ, ಅರ್ಧ ಪಾಲು ತಾಮ್ರದ ಮಿಶ್ರಣ, ಕರಗಲು ಶುರುವಾಗುವುದೇ 217 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಟವೆಲ್ ಸುತ್ತಿದ ಪೆಟ್ಟಿಗೆ ಅದರ ಹತ್ತಿರಕ್ಕೂ ಸುಳಿಯುವುದಿಲ್ಲ. ಸುಳಿದಿದ್ದರೆ ಅದಕ್ಕೆ ಮೊದಲೇ ಡಿಸ್ಕ್ ಡ್ರೈವಿನ ಪ್ಲಾಸ್ಟಿಕ್ ಸೊಟ್ಟಗಾಗಿರುತ್ತಿತ್ತು. ಕಾದ ತಳ ಸ್ವಲ್ಪ ಬಾಗಿ, ಬಿರುಕಿನ ಎರಡು ಅಂಚುಗಳು ತಾತ್ಕಾಲಿಕವಾಗಿ ಒಂದಕ್ಕೊಂದು ತಾಗುತ್ತವೆ, ಅಷ್ಟೆ. ಎರಡು ದಿನವೋ ಎರಡು ವಾರವೋ ಕಳೆದರೆ ಮತ್ತೆ ಬಿಡುತ್ತವೆ. ಅಷ್ಟರಲ್ಲಿ ಉಳಿದಿದ್ದ ಒಳ್ಳೆಯ ಗುಂಡುಗಳೂ ಹಿಂದೆಂದೂ ಕಾಣದ ಜಗ್ಗಾಟ ಅನುಭವಿಸಿರುತ್ತವೆ.

ಈ ಮದ್ದಿನಲ್ಲಿ ಬೆಂಕಿ ಹತ್ತುವ ಅಪಾಯವನ್ನೂ ಹಗುರವಾಗಿ ತೆಗೆದುಕೊಳ್ಳಬಾರದು. ಮೊದಲ ಮಾದರಿಯ ಪವರ್ ಸಪ್ಲೈ 203 ವಾಟ್‌ನದು. ಆಟ ನಡೆಯುವಾಗ ಯಂತ್ರ ಎಳೆಯುತ್ತಿದ್ದದ್ದು ಸುಮಾರು 170 ವಾಟ್. ಕೆಟ್ಟು ನಿಂತಾಗ ಅದರ ಅರ್ಧ, 85 ವಾಟ್ ಎಂದೇ ಹಿಡಿಯೋಣ. ಇಪ್ಪತ್ತು ನಿಮಿಷಕ್ಕೆ 1 ಲಕ್ಷ ಜೂಲ್ ದಾಟುತ್ತದೆ: ಮೂರನೇ ಒಂದು ಲೀಟರ್ ನೀರನ್ನು ಚಹಾಕ್ಕೆ ಕುದಿಸುವಷ್ಟು ಶಾಖ. ಹತ್ತಿಬಟ್ಟೆಯ ಗಂಟಿನೊಳಗೆ, ಗಾಳಿಗೆ ದಾರಿಯಿಲ್ಲದೆ, ಕರೆಂಟ್ ಹರಿಯುತ್ತಿರುವಾಗ, ಪಕ್ಕದಲ್ಲಿ ಹದಿನಾಲ್ಕು ವರ್ಷದ ಹುಡುಗ ಕಾಯುತ್ತ ಕೂತಿರುವಾಗ. ಅತಿಬಿಸಿಯನ್ನು ಗುರುತಿಸಿ ಆರಿಸುವ ಏರ್ಪಾಡು ಯಂತ್ರದಲ್ಲೇ ಇತ್ತು ನಿಜ. ಆದರೆ ಈಗಾಗಲೇ ಕೆಟ್ಟಿರುವ ಯಂತ್ರದ ರಕ್ಷಣಾ ಏರ್ಪಾಡನ್ನು ನೆಚ್ಚಿಕೊಂಡು ಬಟ್ಟೆ ಸುತ್ತುವುದು ಎಂಥ ಸಾಹಸ!

ಟವೆಲ್ ಸೋತಾಗ ಕೆಲವರು ಅಡುಗೆಮನೆಗೆ ಹೋದರು. ಗ್ರಾಫಿಕ್ಸ್ ಕಾರ್ಡ್, ಲ್ಯಾಪ್‌ಟಾಪ್ ಬೋರ್ಡುಗಳಿಗೆಂದು ಆಗ ಬಾಯಿಂದ ಬಾಯಿಗೆ ಹರಡಿದ್ದ ಪಾಕವಿಧಾನವೊಂದಿತ್ತು: ಓವನ್ನಿನಲ್ಲಿ 385 ಡಿಗ್ರಿ ಫ್ಯಾರನ್‌ಹೀಟ್, ಎಂಟು ನಿಮಿಷ. ಸೆಲ್ಸಿಯಸ್ಸಿಗೆ ತಂದರೆ 196. ಈ ಸಂಖ್ಯೆ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಹಳೆಯ ಸೀಸ-ತವರದ ಬೆಸುಗೆ ಕರಗುವುದು 183ರಲ್ಲಿ, ಹೊಸದು 217ರಲ್ಲಿ. 196 ಎರಡರ ನಡುವೆ ನಿಂತಿದೆ. ಯುರೋಪಿನಲ್ಲಿ ಸೀಸದ ಬಳಕೆಗೆ ಕಡಿವಾಣ ಹಾಕುವ ನಿಯಮ 2006ರ ಜುಲೈ 1ರಂದು ಜಾರಿಗೆ ಬಂತು, ಬೋರ್ಡುಗಳ ಬೆಸುಗೆ ಬದಲಾಯಿತು. ಆದರೂ ಪಾಕವಿಧಾನ ಹಳೆಯ ಬೆಸುಗೆಗಷ್ಟೇ ಹೊಂದುವ ಬಿಸಿಯಲ್ಲಿ ನಿಂತಿತ್ತು. ಇನ್ನು ಅದೇ ಕಾಲದ ಕೆಲವು ಗ್ರಾಫಿಕ್ಸ್ ಚಿಪ್ಪುಗಳ ಹೊದಿಕೆಯೊಳಗಿದ್ದ ಗುಂಡುಗಳು ಸೀಸವೇ ಹೆಚ್ಚಿದ್ದ ಮಿಶ್ರಣ. ಅವು ಕರಗಲು 300 ಡಿಗ್ರಿ ದಾಟಬೇಕು. ಬಿರುಕು ಇರುವ ಜಾಗಕ್ಕೂ ಓವನ್ನಿಗೂ ನಡುವೆ 100 ಡಿಗ್ರಿಯ ಅಂತರ.

ಕರಗದಿದ್ದರೆ ಹೋಗಲಿ, ಹಾಳಾಗುವುದಕ್ಕೆ 196 ಧಾರಾಳ ಸಾಕು. ಬೋರ್ಡಿನ ಮೇಲೆ ನಿಂತಿರುವ ಸಣ್ಣ ಸಿಲಿಂಡರಿನಂಥ ಕೆಪ್ಯಾಸಿಟರುಗಳನ್ನು ನೋಡಿ. ಸಾಮಾನ್ಯವಾಗಿ ಅವುಗಳ ಮೈಮೇಲೆಯೇ 105 ಡಿಗ್ರಿ ಎಂದು ಅಚ್ಚಾಗಿರುತ್ತದೆ. ಒಳಗಿರುವುದು ದ್ರವ. ಕಾರ್ಖಾನೆಯಲ್ಲಿ ಇಂಥ ಉದ್ದ ಕಾಲಿನ ಬಿಡಿಭಾಗಗಳನ್ನು ಬೋರ್ಡು ದೊಡ್ಡ ಒಲೆಯಿಂದ ಹೊರಬಂದ ಮೇಲೆ ಕೂರಿಸುತ್ತಾರೆ. ಮನೆಯ ಓವನ್ನಿನಲ್ಲಿ ಅವೂ ಒಳಗೇ ಬೇಯುತ್ತವೆ: ತಲೆಯ ತಗಡು ಉಬ್ಬುತ್ತದೆ, ಬುಡದಿಂದ ಕಂದು ರಸ ಒಸರುತ್ತದೆ, ಕೆಲವು ಪಟ್ಟೆಂದು ಒಡೆಯುತ್ತವೆ. ಬೋರ್ಡಿನ ರಾಳದಲ್ಲಿ ಬೆಂಕಿ ಹತ್ತದಿರಲೆಂದು ಬೆರೆಸಿದ ಬ್ರೋಮಿನ್ ಸಂಯುಕ್ತಗಳಿರುತ್ತವೆ. ಅದರ ಹೊಗೆ ಕುಡಿದ ಓವನ್ನಿನಲ್ಲಿ ಮಾರನೆಯ ದಿನ ಮಕ್ಕಳಿಗೆ ಕೇಕ್ ಮಾಡುವುದನ್ನು ನೆನೆದರೆ ಹೊಟ್ಟೆ ತೊಳಸುತ್ತದೆ.

ಮೂರನೆಯ ಅಸ್ತ್ರ ಹೀಟ್ ಗನ್, ಗೋಡೆಯ ಬಣ್ಣ ಎಬ್ಬಿಸಲು ಬಳಸುವಂಥದ್ದು. ಅದರ ಮೂತಿಯಲ್ಲಿ 500, 600 ಡಿಗ್ರಿ. ಇಲ್ಲಿ ಬೆಸುಗೆ ಕರಗುತ್ತದೆ, ಅನುಮಾನವಿಲ್ಲ. ಜೊತೆಗೆ ಇನ್ನೇನೇನು ಆಗುತ್ತದೆ ಎಂಬುದೇ ಪ್ರಶ್ನೆ. ಕಾರ್ಖಾನೆಯ ಒಲೆ ಬೋರ್ಡನ್ನು ಸೆಕೆಂಡಿಗೆ 3 ಡಿಗ್ರಿ ಮೀರದಂತೆ ಏರಿಸುತ್ತದೆ, 150ರಿಂದ 200ರ ನಡುವೆ ಒಂದೆರಡು ನಿಮಿಷ ತಡೆದು ಎಲ್ಲ ಭಾಗಗಳನ್ನೂ ಸಮನಾಗಿ ಕಾಯಿಸುತ್ತದೆ, ಆಮೇಲೆ 217 ದಾಟಿಸಿ 245ರ ಆಸುಪಾಸಿಗೆ ಒಯ್ದು, ಒಂದೂವರೆ ನಿಮಿಷದೊಳಗೆ ಕೆಳಗಿಳಿಸುತ್ತದೆ. ಚಿಪ್ಪುಗಳು ತಾಳಬಲ್ಲ ಗರಿಷ್ಠ 260. ಇಡೀ ಕೆಲಸಕ್ಕೆ ಸಿಗುವ ಜಾಗ 43 ಡಿಗ್ರಿ. ಕೈಯಲ್ಲಿ ಗನ್ ಹಿಡಿದವನಿಗೆ ಚಿಪ್ಪಿನ ಅಡಿಯಲ್ಲಿ ಎಷ್ಟು ಡಿಗ್ರಿ ಎಂದು ತಿಳಿಯುವ ದಾರಿಯೇ ಇಲ್ಲ.

ನೀರನ್ನಂತೂ ಯಾರೂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಚಿಪ್ಪಿನ ಹೊದಿಕೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಉದ್ಯಮದಲ್ಲಿ ಬಳಕೆಯಲ್ಲಿರುವ ಒಂದು ದರ್ಜೆಯ ಚಿಪ್ಪುಗಳಿಗೆ, ಮೊಹರು ಮಾಡಿದ ಚೀಲ ಬಿಚ್ಚಿದ ಮೇಲೆ ಬೆಸುಗೆಗೆ ಕೊಡುವ ಗಡುವು 168 ಗಂಟೆ, ಬರೀ ಒಂದು ವಾರ. ಮೀರಿದರೆ 125 ಡಿಗ್ರಿಯಲ್ಲಿ ಗಂಟೆಗಟ್ಟಲೆ ಒಣಗಿಸಿ ಆಮೇಲೆಯೇ ಒಲೆಗೆ. ಮನೆಯ ಯಂತ್ರ ಎರಡು ಮೂರು ಮಳೆಗಾಲದ ತೇವ ಕುಡಿದಿರುತ್ತದೆ. ನೀರು ಆವಿಯಾದರೆ ಅದಕ್ಕೆ ಬೇಕಾಗುವ ಜಾಗ ಸುಮಾರು 1,600 ಪಟ್ಟು. ಹೀಟ್ ಗನ್ ಬಿದ್ದ ಕ್ಷಣ ಹೊದಿಕೆಯ ಪದರಗಳ ನಡುವೆ ಆ ಆವಿ ನುಗ್ಗಿ, ಪದರಗಳನ್ನೇ ಬಿಡಿಸಿಬಿಡುತ್ತದೆ. ಚಿಟ್ ಎಂಬ ಸಣ್ಣ ಸದ್ದು ಕೇಳಿದರೆ ಮುಗಿಯಿತು, ಆ ಚಿಪ್ಪಿಗೆ ಇನ್ನು ಯಾರ ಕೈಯಲ್ಲೂ ಮದ್ದಿಲ್ಲ.

ಇದು ಒಂದೇ ಕಂಪನಿಯ ಕಥೆ ಎಂದುಕೊಳ್ಳಬೇಡಿ. 2008ರ ಜುಲೈನಲ್ಲಿ ಎನ್‌ವಿಡಿಯಾ ತನ್ನ ಲ್ಯಾಪ್‌ಟಾಪ್ ಚಿಪ್ಪುಗಳ ಹೊದಿಕೆಯ ದೌರ್ಬಲ್ಯಕ್ಕಾಗಿ 15ರಿಂದ 20 ಕೋಟಿ ಡಾಲರ್ ಎತ್ತಿಟ್ಟಿತು. ವಾರಂಟಿ ಮಾರುವ ಸ್ಕ್ವೇರ್‌ಟ್ರೇಡ್ 2009ರಲ್ಲಿ ತನ್ನ ಗ್ರಾಹಕರ ಲೆಕ್ಕ ಹೊರಗಿಟ್ಟಾಗ, ಎರಡು ವರ್ಷದೊಳಗೆ ಕೆಟ್ಟ ಎಕ್ಸ್‌ಬಾಕ್ಸ್ 360 ಶೇಕಡ 23.7, ಪ್ಲೇಸ್ಟೇಷನ್ 3 ಶೇಕಡ 10, ನಿಂಟೆಂಡೋ ವೀ ಶೇಕಡ 2.7.

ಕೊನೆಗೆ ಕಾಯಿಲೆ ಕಡಿಮೆಯಾದದ್ದು ಬಿಸಿಯನ್ನೇ ಕಡಿಮೆ ಮಾಡಿದ್ದರಿಂದ. 90 ನ್ಯಾನೋಮೀಟರಿನ ಚಿಪ್ಪುಗಳು 65ಕ್ಕೆ ಇಳಿದವು. 2010ರ ಹೊಸ ಮಾದರಿಯಲ್ಲಿ ಲೆಕ್ಕ ಮಾಡುವ ಚಿಪ್ಪು, ಚಿತ್ರ ಬರೆಯುವ ಚಿಪ್ಪು ಎರಡೂ ಸೇರಿ 45 ನ್ಯಾನೋಮೀಟರಿನ ಒಂದೇ ಬಿಲ್ಲೆಯಾದವು: 37 ಕೋಟಿ 20 ಲಕ್ಷ ಟ್ರಾನ್ಸಿಸ್ಟರ್, ಮೊದಲಿನ ಚಿಪ್ಪುಗಳಿಗಿಂತ ಶೇಕಡ 60ರಷ್ಟು ಕಡಿಮೆ ವಿದ್ಯುತ್. 203 ವಾಟಿನ ಇಟ್ಟಿಗೆ ಗಾತ್ರದ ಪವರ್ ಸಪ್ಲೈ 135ಕ್ಕೆ ಇಳಿಯಿತು.

ಈ ಯಂತ್ರಗಳು ಹಳೆ ಸಾಮಾನಿನ ಅಂಗಡಿಗಳಲ್ಲಿ ಇಂದಿಗೂ ಸಿಗುತ್ತವೆ, ಟವೆಲ್ಲಿನ ಮಾತೂ ಅವುಗಳ ಹಿಂದೆಯೇ ಬರುತ್ತದೆ. ಕೊಳ್ಳುವ ಮನಸ್ಸಿದ್ದರೆ ಯಂತ್ರದ ಬೆನ್ನಿನ ಚೀಟಿಯಲ್ಲಿ 12 ವೋಲ್ಟಿನ ಪಕ್ಕದ ಸಂಖ್ಯೆ ಓದಿ. 16.5 ಆಂಪಿಯರ್ ಎಂದಿದ್ದರೆ ಅದು ಮೊದಲ ಪೀಳಿಗೆ, ಎರಡೂ ಚಿಪ್ಪು 90 ನ್ಯಾನೋಮೀಟರಿನವು. 14.2 ಎಂದಿದ್ದರೆ ನಡುವಿನದು. 12.1 ಎಂದಿದ್ದರೆ 2008ರ ಕೊನೆಗೆ ಬಂದ 65 ನ್ಯಾನೋಮೀಟರಿನ ಮಾದರಿ. ಹಳೆಯ ಆಕಾರದ ಯಂತ್ರವೇ ಬೇಕೆಂದಿದ್ದರೆ ಈ ಕೊನೆಯದನ್ನೇ ಕೇಳಿ.